ಬಾಗಿಲು ಮುಂದಕ ಮಾಡಿ

ಚಿತ್ತಾಪುರದ ವಾಚನಾಲಯದಾಗ ಒಂದೇ ಕಂಪ್ಯೂಟರ್.
ಶಹಾಬಾದಿ ಪರಸಿ ಮ್ಯಾಲ ಕಬ್ಬಿಣದ ಮೇಜು,
ಮೇಜಿನ ಮ್ಯಾಲ ಅದು, ಅದಕ್ಕ ಹೊಚ್ಚಿದ್ದು
ಗುಂಡಮ್ಮನ ಹಳೇ ಸೀರಿಯ ತುಂಡು.
ಹಚ್ಚಲಾಕ ಎಲ್ಲರಿಗೂ ಹಕ್ಕಿತ್ತು,
ಬಂದ್ ಮಾಡಲಾಕ ನನಗೊಬ್ಬನಿಗೇ.

ನಾ ಮಾಡಿದ ಕಾನೂನಲ್ಲ ಅದು,
ಡಬ್ಬಿಯೊಳಗ ಹಂಗೇ ಬಂದಿತ್ತು.
ಆದರ ಸುಳ್ಳ್ಯಾಕ ಹೇಳಲಿ, ನನಗದು ಸೇರಿತ್ತು.
ಕಿಸೆಯಾಗ ಮಡಚಿದ ಚೀಟಿ, ಚೀಟಿಯಾಗ ಎಂಟು ಅಕ್ಷರ,
ಸಂಜಿ ಆರಕ್ಕ ಎಲ್ಲರೂ ನನ್ನ ಮಾರಿ ನೋಡವರು:
"ಸರ, ಇದನ್ನೊಂದಿಷ್ಟು ಮಲಗಸ್ರಿ."
ನಾ ಚಾಳೀಸು ಏರಿಸಿ, ಬೆರಳಿಗೆ ಅಂಗೈ ಮರಿಮಾಡಿ
ಅತ್ತರು ಮಾರಾಂವ ಹನಿ ಹಾಕಿದಂಗ ಒತ್ತತಿದ್ದೆ.

ಮಾಘದಾಗ ಒಂದಿನ ಸೇಡಂ ಕಡಿ ಗಾಡಿ
ಎಂದಿಲ್ಲದ್ದು ಹೊತ್ತಿಗೆ ಸರಿಯಾಗಿ ಬಂತು. ಓಡಿದೆ.
ರುಕ್ಮೊದ್ದೀನ್ ಇನ್ನೂ ಬರಿತಿದ್ದ,
ದಾಲ್‌ಮಿಲ್ಲಿನ ಹಮಾಲರ ಹೆಸರು, ಊರು, ವಯಸ್ಸು,
ಬೆನ್ನುನೋವೋ ಎದಿನೋವೋ, ಎಷ್ಟು ವರ್ಷದ್ದು.
ಇನ್ನೂರಾ ಹನ್ನೊಂದು ಮಂದಿ, ಮೂರು ವಾರದ ಕೆಲಸ.
ತನ್ನದನ್ನ ತೆರೆದಿಟ್ಟೇ ಚಹಾಕ್ಕ ಎದ್ದ;
ಅವನ ಜಾಗಕ್ಕ ತಾಂಡಾದ ಗೇಮ್ಲಿ ಕುಂತಳು,
ತನ್ನ ಹೆಸರಿನಿಂದ ಒಳಗ ಹೋಗಿ, ನರ್ಸಿಂಗ್ ರಿಸಲ್ಟ್ ನೋಡಲಾಕ.

ಕರೆಂಟ್ ಹೋತು.
ಮೇಜಿನ ಕೆಳಗಿನ ಬ್ಯಾಟರಿ ಅಳಲಾಕ ಸುರು.
ಹುಡುಗಿ ತಿಳಿದಾಕಿ, ಬಂದ್ ಮಾಡಲಾಕ ಹೋದಳು.
ಪರದೆ ಅಂತು: ನಿಮಗೆ ಅನುಮತಿ ಇಲ್ಲ.
ಇನ್ನೊಮ್ಮೆ. ಅನುಮತಿ ಇಲ್ಲ.
ನನ್ನ ಫೋನು ಮಳಖೇಡದ ಆಚೆ ಎಲ್ಲೋ ಸತ್ತಿತ್ತು.
ಗುಂಡಮ್ಮ ಕಸಬರಿಗಿ ಬಗಲಾಗ ಹಿಡಿದು,
ಕೂಸಿನ ಗಂಟಲಾಗಿನ ಹುಣಸಿಬೀಜ ತೆಗೆದಂಗ
ವಾಯರ್ ಜಗ್ಗಿದಳು.
ಅಳು ನಿಂತಿತು.

ಮುಂಜಾನಿ ತೆರೆದರ
ನೂರಾ ಎಪ್ಪತ್ತು ಹಮಾಲರು ಇದ್ದರು.
ನಲವತ್ತೊಂದು ಮಂದಿ ಇರಲಿಲ್ಲ.

ನಾ ಗುಂಡಮ್ಮನ ಮ್ಯಾಲ ಹರಿಹಾಯ್ದೆ.
ಆಕಿ ಕಸ ಗುಡಿಸೂದು ಬಿಡಲೇ ಇಲ್ಲ:
"ಒಲಿ ಹಚ್ಚಾಕಿನೇ ಕೆಂಡ ಮುಚ್ಚಬೇಕಲ್ರಿ ಸರ.
ಬೂದಿ ಕಿಸೆಯಾಗಿಟಗೊಂಡು
ನೀವು ಗಾಡಿ ಹತ್ತಿದರ
ಮನಿ ಉಳಿತದೇನ್ರಿ?"

ದೀಪ ಆರಿಸು ಅನ್ನೂದಿಲ್ಲ ನಮ್ಮ ಮಂದಿ,
ಶಾಂತ ಮಾಡು ಅಂತಾರ.
ಕದ ಹಾಕು ಅಂದರ ನನ್ನವ್ವ ಇವತ್ತಿಗೂ ಸಿಟ್ಟಾಗತಾಳ,
ಮುಂದಕ ಮಾಡು ಅನ್ನಬೇಕು.
ಇಂಥ ಮಾತಿನಾಗ ಹುಟ್ಟಿ ಬೆಳೆದಾಂವ
ಅವರ ಕೈಗೆ ಬಿಟ್ಟಿದ್ದು ಒಂದು ವಾಯರ್.

ಐತವಾರ ಒಬ್ಬನೇ ಬಂದು ಕುಂತೆ.
ತಿದ್ದಬೇಕಾದ್ದು ಒಂದು ಸಾಲು; ಮಧ್ಯಾಹ್ನ ಮೂರಾತು.
ಈಗ ಮುಂದ ಕುಂತವರು ಯಾರೇ ಇರಲಿ, ಮಲಗಿಸಬಹುದು.
ದೂರದಿಂದ, ಗೋಡಿ ಆಚೆಯಿಂದ, ಆಗೂದಿಲ್ಲ.
ಒಳಗ ಇನ್ನೊಬ್ಬರ ಕೆಲಸ ತೆರೆದಿದ್ದರ ತಡೀತದ,
ಹೆಸರು ಹೇಳತದ: ರುಕ್ಮೊದ್ದೀನ್ ಇನ್ನೂ ಇದ್ದಾನ.
ಆಗ ಹೊರಗ ಬಂದು ಚಹಾದಂಗಡಿಗೆ ಕೂಗಬೇಕು.
ಕೂಗೂದು ಅದಕ್ಕ ಬರೂದಿಲ್ಲ,
ಗೇಮ್ಲಿಗೆ ಬರ್ತದ, ಸ್ಟೇಷನ್ ತನಕ ಕೇಳತದ.

ಗುಂಡಮ್ಮಗ ಅಕ್ಷರ ಬರೂದಿಲ್ಲ.
"ಗುಂಡನ ಬಳಿ, ತಲಿ ಒಡೆದದ, ಒಡೆದಲ್ಲಿ ಒಂದು ಕಡ್ಡಿ"
ಅಂತ ಗುರುತು ಹಿಡಿದಳು.
ಆ ಕುರ್ಚಿ ಹದಿನಾರು ವರ್ಷ ಒರೆಸ್ಯಾಳ,
ಅವತ್ತು ಕುಂತಳು.
ಒತ್ತಿ, ಚುಕ್ಕಿ ತಿರುಗೂದು ನೋಡಿ,
ಒಳಗಿನ ಫ್ಯಾನು ಉಸಿರು ಬಿಡೂ ತನಕ
ಅದರ ಬೆನ್ನ ಮ್ಯಾಲ ಕೈ ಇಟಗೊಂಡು ಇದ್ದಳು.
ಆಮ್ಯಾಲೆ ಸೀರಿ ತುಂಡು ಹೊಚ್ಚಿದಳು.

ನಲವತ್ತು ಮಂದಿಯನ್ನ ರುಕ್ಮೊದ್ದೀನ್
ಮತ್ತ ಹುಡುಕಿಕೊಂಡು ಹೋಗಿ ಬರೆದ.
ಒಬ್ಬಾಂವ ನಡುವ ತೀರಿಕೊಂಡಿದ್ದ;
ಅವನ ಎದಿನೋವು ಎಷ್ಟು ವರ್ಷದ್ದಿತ್ತೋ.
ಆ ಸಾಲು ಖಾಲಿ ಅದ.

ಚೀಟಿ ಅಂಗಿ ಜೋಡಿ ಒಗೆತಕ್ಕ ಹೋಗಿ ಹಿಟ್ಟಾತು.
ಸಂಜಿ ಗಾಡಿಯಾಗ ಕುಂತು ಫೋನ್ ತೆಗೆದು ನೋಡತೀನಿ,
ಯಾರೂ ಕರಿಯೂದಿಲ್ಲ.
ಒಂದೊಂದು ದಿನ ಅದು ಬ್ಯಾಸರ ಅನಸ್ತದ, ಖರೆ.
ಮಳಖೇಡ ಬರ್ತದ. ಕಡ್ಲಿ ಮಾರಾಂವ ಹತ್ತತಾನ.